ಮಾಗಿಯ ಎರೆಹೊಲದಲ್ಲಿ ನೋಡುವುದೇನಿದೆ?

ಪ್ರಶ್ನೆ: ನಾನು ಶಿರಸಿ ಕಡೆಯವಳು. ಗಂಡನಿಗೆ ವರ್ಗಾವಣೆಯಾಗಿ ಈ ವರ್ಷ ವಿಜಯಪುರಕ್ಕೆ ಬಂದೆವು. ಮನೆ ಊರಿನ ಅಂಚಿನಲ್ಲಿದೆ, ಹಿತ್ತಲು ದಾಟಿದರೆ ಹೊಲ. ಮಗನಿಗೆ ಎಂಟು ವರ್ಷ. ಊರಲ್ಲಿ ಅವನಿಗೆ ಹಳ್ಳ, ಅಣಬೆ, ಕಪ್ಪೆ ಎಲ್ಲ ಅಂಗಳದಲ್ಲೇ ಸಿಗುತ್ತಿತ್ತು. ಇಲ್ಲಿ ಸಂಜೆ ವಾಕಿಂಗ್ ಹೋದರೆ ಬರೀ ಧೂಳು, ಜಾಲಿಮುಳ್ಳು, ಒಣ ಹುಲ್ಲು. ಈಗ ಚಳಿ ಬೇರೆ. ಈ ಚಳಿಗಾಲದಲ್ಲಿ ಹೊರಗೆ ಅವನಿಗೆ ತೋರಿಸುವಂಥದ್ದು ಏನಾದರೂ ಇದೆಯಾ ಸರ್? ಅವನಿಗೆ ಬೇಗ ನೆಗಡಿ ಆಗುತ್ತದೆ, ಅದೂ ಒಂದು ಚಿಂತೆ.
ಓದುಗರು, ವಿಜಯಪುರ

ಉತ್ತರ: ತಂಗಿ, ನೀವು ವಾಕಿಂಗ್ ಹೋಗುವುದು ಸಂಜೆ. ತೊಂದರೆ ಇರುವುದು ಅಲ್ಲೇ. ನಮ್ಮ ಸೀಮೆಯ ಚಳಿಗಾಲವನ್ನು ನೋಡಬೇಕಾದದ್ದು ಬೆಳಗಿನ ಎರಡು ತಾಸಿನಲ್ಲಿ. ಸೂರ್ಯ ಹುಟ್ಟುವಾಗ ಹೊಲದಲ್ಲಿ ಇದ್ದದ್ದರಲ್ಲಿ ಮುಕ್ಕಾಲು ಪಾಲು ಒಂಬತ್ತೂವರೆ ಹೊತ್ತಿಗೆ ಆರಿ ಹೋಗಿರುತ್ತದೆ. ಸಂಜೆ ಐದಕ್ಕೆ ಅದೇ ಹೊಲಕ್ಕೆ ಹೋದರೆ ನನಗೂ ಧೂಳು, ಜಾಲಿಮುಳ್ಳೇ ಕಾಣುವುದು. ಬೇರೆ ಜಾಗ ಹುಡುಕುವ ಮೊದಲು ಹೊತ್ತು ಬದಲಿಸಿ ನೋಡಿ.

ಮಗನನ್ನು ಕತ್ತಲಲ್ಲಿ ಎಬ್ಬಿಸಬೇಕಾ ಅಂತ ಹೆದರಬೇಡಿ. ಜನವರಿ ನಡುವಿಗೆ ಇಲ್ಲಿ ಸೂರ್ಯ ಹುಟ್ಟುವುದೇ ಏಳರ ಆಸುಪಾಸಿಗೆ. ಡಿಸೆಂಬರ್ 21, 22ಕ್ಕೆ ಹಗಲು ಎಲ್ಲಕ್ಕಿಂತ ಚಿಕ್ಕದಾದರೂ, ಬೆಳಗಾಗುವುದು ತಡವಾಗುತ್ತ ಹೋಗುವುದು ಜನವರಿಯಲ್ಲೇ. ಆರೂಮುಕ್ಕಾಲಿಗೆ ಎದ್ದರೂ ಸಾಕು.

ಇನ್ನೊಂದು ಮಾತು. ಶಿರಸಿಯಲ್ಲಿ ತಲೆ ಎತ್ತಿ ನೋಡಿ ನಿಮಗೆ ಅಭ್ಯಾಸ. ಇಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಎರಡು ಕಿಲೋಮೀಟರ್ ನಡೆಯುವ ಬದಲು ಒಂದೇ ಬದುವಿನ ಮೇಲೆ ಹತ್ತು ಹೆಜ್ಜೆ ಸರಿದರೂ ನಡೆದೀತು.

ಮೊದಲು ಇಬ್ಬನಿಯ ಲೆಕ್ಕ ತಿಳಿದುಕೊಳ್ಳಿ. ಅದು ಗೊತ್ತಾದರೆ ಯಾವ ದಿನ ಏಳಬೇಕು, ಯಾವ ದಿನ ಸುಮ್ನೆ ಕೌದಿ ಹೊದ್ದು ಮಲಗಬಹುದು ಅನ್ನುವುದು ತಿಳಿಯುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕಡಲು ದೂರ, ಗಾಳಿ ಒಣ, ಆಕಾಶ ಶುಭ್ರ. ಮೋಡ ಇಲ್ಲದ ರಾತ್ರಿ ನೆಲದ ಕಾವು ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಮಧ್ಯಾಹ್ನ 30 ಡಿಗ್ರಿ ಇದ್ದ ಊರು ಬೆಳಗಿನ ಜಾವ 12, 13ಕ್ಕೆ ಇಳಿಯುತ್ತದೆ. ಕೆಲವು ದಿನ 10ಕ್ಕಿಂತಲೂ ಕೆಳಗೆ. ಹುಲ್ಲು, ಎಲೆ, ಜೇಡರಬಲೆ ಇವೆಲ್ಲ ಸುತ್ತಲಿನ ಗಾಳಿಗಿಂತಲೂ ಜಾಸ್ತಿ ತಣ್ಣಗಾಗುತ್ತವೆ. ಗಾಳಿಯಲ್ಲಿರುವ ಅಷ್ಟಿಷ್ಟು ತೇವ ಅವುಗಳ ಮೇಲೆ ಹನಿಯಾಗಿ ಕೂರುತ್ತದೆ. ಮೋಡ ಕವಿದರೆ ಇಬ್ಬನಿ ಇಲ್ಲ, ರಾತ್ರಿಯಿಡೀ ಗಾಳಿ ಬೀಸಿದರೂ ಇಲ್ಲ. ಮಲಗುವ ಮುಂಚೆ ಮಗನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ. ಚುಕ್ಕೆ ನಿಚ್ಚಳವಾಗಿ ಕಂಡರೆ, ಎಲೆ ಅಲುಗದಿದ್ದರೆ, ಬೆಳಿಗ್ಗೆ ಇಬ್ಬನಿ ಬೀಳುತ್ತದಾ ಅಂತ ಅವನೇ ಹೇಳಲಿ. ಸರಿಯೋ ತಪ್ಪೋ ಬೆಳಿಗ್ಗೆ ಹೋಗಿ ನೋಡಿದರಾಯಿತು. ಮಲಗುವ ಮುಂಚಿನ ಆ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು, ಅದರ ಕೆಳಗೆ ಒಂದೇ ಸಾಲಿನ ಮೂರು ಚುಕ್ಕೆಗಳ ಮಹಾವ್ಯಾಧ ಕಾಣುತ್ತಾನೆ. ಡಿಸೆಂಬರ್ 14ರ ಸುತ್ತಮುತ್ತ ಉಲ್ಕೆಗಳೂ ಬೀಳುತ್ತವೆ. ಆಕಾಶದ ಮಾತು ಇಷ್ಟು ಸಾಕು, ನೀವು ಕೇಳಿದ್ದು ನೆಲದ ಮೇಲಿನದು.

ಹಿತ್ತಲಾಚೆಯ ಹೊಲದಲ್ಲಿ ಕಡಲೆ ಇದೆಯಾ ನೋಡಿ. ವಿಜಯಪುರದ ಎರೆಯಲ್ಲಿ, ಅಂದರೆ ಕರಿಮಣ್ಣಿನಲ್ಲಿ, ಹಿಂಗಾರಿಗೆ ಜೋಳ, ಕಡಲೆ, ಕುಸುಬಿ, ಗೋದಿ. ನಾಲ್ಕರಲ್ಲಿ ಒಂದಾದರೂ ಇದ್ದೇ ಇರುತ್ತದೆ. ಕಡಲೆ ಇದ್ದರೆ ನಿಮ್ಮ ಅದೃಷ್ಟ.

ಕಡಲೆ ಗಿಡ ಮೊಣಕಾಲುದ್ದವೂ ಇರುವುದಿಲ್ಲ. ಒಂದು ಕಡ್ಡಿಗೆ ಚಿಕ್ಕಚಿಕ್ಕ ಎಲೆಗಳು, ಅಂಚಿಗೆ ಗರಗಸದ ಹಲ್ಲು. ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ರೋಮ. ಸೂರ್ಯನ ಕಡೆಗೆ ಮುಖ ಮಾಡಿ ಕುಳಿತು ಒಂದು ಗಿಡ ನೋಡಿ. ಪ್ರತಿ ರೋಮದ ತುದಿಗೂ ಒಂದು ಹನಿ. ಸಾಸಿವೆಗಿಂತ ಚಿಕ್ಕದು. ಇದು ಪೂರ್ತಿ ಇಬ್ಬನಿ ಅಲ್ಲ. ಆ ರೋಮಗಳಿಂದ ಗಿಡವೇ ಹುಳಿ ಒಸರುತ್ತದೆ. ಮಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಅದರಲ್ಲಿ ಮುಖ್ಯ. ಇಬ್ಬನಿ ಅದರ ಜೊತೆ ಬೆರೆಯುತ್ತದೆ. ಬೆರಳು ತಾಗಿಸಿ ನಾಲಿಗೆಗೆ ಇಟ್ಟರೆ ಹುಳಿ ಚುರ್ ಅನ್ನುತ್ತದೆ. ಹಿಂದಿನವರು ರಾತ್ರಿ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಆ ಹುಳಿಯನ್ನು ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಹೊಟ್ಟೆನೋವು, ಅಜೀರ್ಣಕ್ಕೆ ಮನೆಮದ್ದು. ಬರಿಗಾಲಲ್ಲಿ ಹೊಲದ ಒಳಗೆ ಓಡಾಡಿದರೆ ಕಾಲು ಉರಿಯುವುದೂ ಇದೇ ಹುಳಿಯಿಂದ. ಎಲೆ ತಿನ್ನುವ ಎಷ್ಟೋ ಹುಳಗಳಿಗೆ ಇದು ಸೇರುವುದಿಲ್ಲ. ಕಾಯಿಕೊರಕ ಮಾತ್ರ ಯಾವುದಕ್ಕೂ ಜಗ್ಗುವ ಪೈಕಿ ಅಲ್ಲ. ಅದಕ್ಕೆಂದೇ ರೈತರು ಔಷಧ ಹೊಡೆಯುತ್ತಾರೆ. ಹಾಗಾಗಿ ಹೊಲದವರನ್ನು ಕೇಳದೆ ಮಗನಿಗೆ ರುಚಿ ತೋರಿಸಲು ಹೋಗಬೇಡಿ.

ಈಗ ತಿರುಗಿ ನಿಲ್ಲಿ. ಸೂರ್ಯ ಬೆನ್ನಿಗಿರಲಿ, ನಿಮ್ಮ ನೆರಳು ಉದ್ದಕ್ಕೆ ಕಡಲೆಯ ಮೇಲೆ ಬೀಳಲಿ. ನೆರಳಿನ ತಲೆಯ ಸುತ್ತ ನೋಡಿ. ಅಲ್ಲಿ ಮಾತ್ರ ಹೊಲ ಬೆಳ್ಳಗೆ ಹೊಳೆಯುತ್ತಿರುತ್ತದೆ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿ, ಬೆಳಕು ಯಾರ ತಲೆಗೆ ಬಂದಿದೆ ಅಂತ ಕೇಳಿ. ತನ್ನ ತಲೆಗೇ ಅನ್ನುತ್ತಾನೆ. ನಿಮಗೆ ನಿಮ್ಮ ತಲೆಗೇ ಕಾಣುತ್ತದೆ. ಇಬ್ಬರೂ ಹೇಳುವುದು ನಿಜ. ಪ್ರತಿ ಹನಿಯೂ ಬಿಸಿಲನ್ನು ಹಿಂದಿನ ಎಲೆಯ ಮೇಲೆ ಒಂದು ಚುಕ್ಕೆಯಾಗಿ ಕೂಡಿಸುತ್ತದೆ. ಆ ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ. ಆ ದಾರಿಯಲ್ಲಿ ಇರುವುದು ನಿಮ್ಮ ಕಣ್ಣು ಒಂದೇ. ಮಗನ ತಲೆಯ ಸುತ್ತಲಿನದು ಮಗನ ಕಣ್ಣಿಗೇ ಹೋಗುತ್ತದೆ. ಎಂಟು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಮಜಾ ಇನ್ನೇನು ಬೇಕು?

ಹಾಗೆಯೇ ನಿಂತು, ನೆರಳಿನ ತಲೆಯಿಂದ ಸ್ವಲ್ಪ ದೂರ ಪಕ್ಕಕ್ಕೆ ಕಣ್ಣು ಹಾಯಿಸಿ. ಮಿನುಗುವ ಒಂದೇ ಹನಿ ಹಿಡಿದುಕೊಳ್ಳಿ. ತಲೆಯನ್ನು ಒಂದು ಬೆರಳಷ್ಟು ಅತ್ತಿತ್ತ ಸರಿಸಿ. ಅದೇ ಹನಿ ಕೆಂಪಾಗುತ್ತದೆ, ಹಸಿರಾಗುತ್ತದೆ, ನೀಲಿಯಾಗುತ್ತದೆ. ಕಾಮನಬಿಲ್ಲು ಆಗುವುದು ಹೇಗೋ ಇದೂ ಹಾಗೇ. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ನೋಡಬಹುದು.

ಪಕ್ಕದಲ್ಲಿ ಜೋಳ ಇದ್ದರೆ ಎಲೆಯ ತುದಿ ನೋಡಿ. ಗೋದಿಯಾದರೂ ಸರಿ. ನೆಲ ಇನ್ನೂ ಹಸಿಯಾಗಿದ್ದರೆ ತುದಿಗೆ ಒಂದೇ ಒಂದು ದಪ್ಪ ಹನಿ ತೂಗುತ್ತಿರುತ್ತದೆ. ಪಕ್ಕದ ಎಲೆಗೂ ಅದೇ ಜಾಗದಲ್ಲಿ. ಅದು ಆಕಾಶದಿಂದ ಬಂದದ್ದಲ್ಲ. ರಾತ್ರಿ ಬೇರು ಎಳೆದುಕೊಂಡ ನೀರನ್ನು ಗಿಡ ಎಲೆಯ ತುದಿಯಿಂದ ಹೊರಗೆ ಬಿಟ್ಟಿರುತ್ತದೆ. ಇಬ್ಬನಿಯಾದರೆ ಎಲೆಯ ತುಂಬ ಚದುರಿ ಬೀಳುತ್ತದೆ, ಹೀಗೆ ಜಾಗ ಹಿಡಿದು ಕೂರುವುದಿಲ್ಲ. ಫೋನಿನ ಕ್ಯಾಮೆರಾ ಆ ಹನಿಯ ಹತ್ತಿರಕ್ಕೆ ಹಿಡಿದರೆ ಅದರೊಳಗೆ ಇಡೀ ಹೊಲ ತಲೆಕೆಳಗಾಗಿ ಕಾಣುತ್ತದೆ.

ಇನ್ನು ಜೇಡ. ಜನ ಚಳಿಗಾಲದಲ್ಲಿ ಹಕ್ಕಿ ನೋಡಲು ಬೈನಾಕ್ಯುಲರ್ ಕಟ್ಟಿಕೊಂಡು ದೂರದೂರ ಹೋಗುತ್ತಾರೆ. ನನ್ನನ್ನು ಕೇಳಿದರೆ ಈ ಸೀಮೆಯ ಮಾಗಿಯಲ್ಲಿ ಮೊದಲ ಮರ್ಯಾದೆ ಜೇಡಕ್ಕೇ ಸಲ್ಲಬೇಕು. ಬದುವಿನ ಗರಿಕೆ ಮೇಲೆ, ಉತ್ತಿದ ಹೆಂಟೆಗಳ ನಡುವೆ, ತೊಳೆದು ಹಾಸಿದ ಕರ್ಚೀಪಿನಂತೆ ಬಿಳಿ ಬಲೆಗಳು ಕಾಣುತ್ತವೆ. ಒಂದೆರಡಲ್ಲ, ಬದುವಿನ ಉದ್ದಕ್ಕೂ. ಮಧ್ಯಾಹ್ನವೂ ಅವು ಅಲ್ಲೇ ಇರುತ್ತವೆ, ಆದರೆ ಹನಿ ಆರಿದ ಮೇಲೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹತ್ತಿರ ಕೂತು ನೋಡಿ. ಬಲೆಯ ಒಂದು ಅಂಚು ಇಳಿಯುತ್ತ ಹೋಗಿ ಕೊಳವೆಯಾಗುತ್ತದೆ. ಕೊಳವೆಯ ಬಾಯಲ್ಲಿ ಮಣ್ಣಿನ ಬಣ್ಣದ ಜೇಡ ಮುಂಗಾಲು ಚಾಚಿ ಕೂತಿರುತ್ತದೆ. ಹುಲ್ಲುಕಡ್ಡಿಯಿಂದ ಬಲೆಯ ದೂರದ ತುದಿಯನ್ನು ಮೆಲ್ಲಗೆ ಅಲುಗಿಸಿ. ಒಂದೇ ನೆಗೆತಕ್ಕೆ ಬರುತ್ತದೆ. ಮೋಸ ಅಂತ ಗೊತ್ತಾದ ತಕ್ಷಣ ಹಿಂದಕ್ಕೆ ಓಡುತ್ತದೆ. ಎರಡನೇ ಸಲ ಬರುವುದು ಕಷ್ಟ. ಪಾಪ, ಒಂದು ಜೇಡಕ್ಕೆ ಒಂದೇ ಸಲ ಹೀಗೆ ಮಾಡಿ ಅಂತ ಮಗನಿಗೆ ಹೇಳಿಡಿ.

ಈ ಹಾಸುಬಲೆಗೆ ಅಂಟು ಇಲ್ಲ. ಹುಳ ಎಡವಿ ಬಿದ್ದಾಗ ಓಡಿಬಂದು ಹಿಡಿಯುವುದೇ ಇದರ ಕೆಲಸ. ಜಾಲಿಕಂಟಿಯ ನಡುವೆ ಚಕ್ರದಂತೆ ಕಟ್ಟಿದ ಬಲೆ ಬೇರೆ ಜಾತಿಯದು. ಅದರಲ್ಲಿ ನಡುವಿನಿಂದ ಹೊರಗೆ ಹೋಗುವ ಎಳೆಗಳಿಗೆ ಅಂಟಿಲ್ಲ, ಸುತ್ತು ಎಳೆಗಳಿಗೆ ಇದೆ. ಜೇಡ ಓಡಾಡುವುದು ಅಂಟಿಲ್ಲದ ಎಳೆ ಹಿಡಿದುಕೊಂಡೇ. ನಡುವೆ ಬಿಳಿಯ ಅಂಕುಡೊಂಕು ಗೆರೆಗಳಲ್ಲಿ ಗುಣಿಸು ಚಿಹ್ನೆ ಬರೆದುಕೊಂಡು, ಎರಡೆರಡು ಕಾಲು ಜೋಡಿಸಿ ತಲೆಕೆಳಗಾಗಿ ಕೂತ ಜೇಡ ಸಿಕ್ಕರೆ ಹೆಣ್ಣು ಅಂತ ತಿಳಿಯಿರಿ. ಗಂಡು ತೀರಾ ಚಿಕ್ಕದು, ಬಲೆಯ ಅಂಚಿನಲ್ಲಿ ಎಲ್ಲೋ ಜೀವ ಹಿಡಿದುಕೊಂಡಿರುತ್ತದೆ.

ಚಳಿಗೆ ಇನ್ನೊಂದು ಉಪಕಾರ ಇದೆ. ಹುಳಗಳು ಬೆಳಿಗ್ಗೆ ಹಾರುವುದಿಲ್ಲ. ಮೈ ಕಾಯುವ ತನಕ ಚಿಟ್ಟೆಗೆ ರೆಕ್ಕೆ ಆಡಿಸಲು ಆಗುವುದಿಲ್ಲ. ಮಧ್ಯಾಹ್ನ ಹಿಂದೆ ಓಡಿದರೂ ಸಿಗದ ಚಿಟ್ಟೆ, ಏಳೂವರೆಗೆ ನಿಮ್ಮ ಮೂಗಿನ ಮುಂದೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತದೆ. ಎಕ್ಕೆ ಗಿಡ ಹುಡುಕಿ, ರಸ್ತೆ ಬದಿಗೆ ಎಲ್ಲಾದರೂ ಸಿಗುತ್ತದೆ. ಎಲೆಯ ಅಡಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಇದ್ದರೆ ಅದು ಕಿತ್ತಳೆ ರೆಕ್ಕೆಯ, ಕಪ್ಪು ಅಂಚಿನ ಚಿಟ್ಟೆಯ ಮರಿ. ಅದೇ ಎಲೆಯ ಕೆಳಗೋ ಪಕ್ಕದ ಗಿಡದಲ್ಲೋ ತೂಗುತ್ತಿರುವ ಗೂಡು ಸಿಕ್ಕರೆ ಚೆನ್ನಾಗಿ ನೋಡಿ. ತಿಳಿಹಸಿರು ಬಣ್ಣ, ಅದರ ಮೇಲೆ ಚಿನ್ನದ ಬಣ್ಣದ ಚುಕ್ಕೆಗಳ ಸಾಲು. ಚಳಿಯಲ್ಲಿ ಒಳಗಿನ ಚಿಟ್ಟೆ ನಿಧಾನಕ್ಕೆ ಬೆಳೆಯುವುದರಿಂದ ಗೂಡು ಜಾಸ್ತಿ ದಿನ ಉಳಿಯುತ್ತದೆ. ದಿನಾ ಹೋಗಿ ನೋಡಬಹುದು. ಎಲೆ ಮಾತ್ರ ಮುರಿಯಬೇಡಿ, ಎಕ್ಕೆ ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಸಂಜೆ ವಾಕಿಂಗ್ ಬಿಡಲಾಗದಿದ್ದರೆ, ಅದಕ್ಕೂ ಒಂದು ಕೆಲಸ ಹೇಳುತ್ತೇನೆ. ಹೊತ್ತು ಮುಳುಗುವ ಸಮಯಕ್ಕೆ ಬದುವಿನ ಒಣ ಕಡ್ಡಿಗಳನ್ನು ಗಮನಿಸಿ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನುಗಳು ಇಲ್ಲಿವೆ. ಇವುಗಳಲ್ಲಿ ಹೆಣ್ಣು ಮಣ್ಣಿನ ಗೂಡು ಸೇರುತ್ತದೆ. ಗಂಡುಗಳಿಗೆ ಮನೆ ಇಲ್ಲ. ಅವು ನಾಲ್ಕಾರು ಸೇರಿ ಒಂದು ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು, ಹಾಗೇ ನಿದ್ದೆ ಹೋಗುತ್ತವೆ. ಮರುದಿನವೂ ಅದೇ ಕಡ್ಡಿಗೆ ಬರುವುದುಂಟು. ಗುರುತು ಮಾಡಿಟ್ಟುಕೊಂಡು ಬೆಳಿಗ್ಗೆ ಬೇಗ ಹೋದರೆ, ಮೈಮೇಲೆ ಇಬ್ಬನಿ ಹೊತ್ತು ಇನ್ನೂ ಮಲಗಿರುತ್ತವೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದಲ್ಲ, ಆ ಹೊತ್ತಿಗೆ ಕುಸುಬಿ ಹೂ ಬಿಟ್ಟಿರುತ್ತದೆ. ಹೊಲದ ಸುತ್ತ ಕುಸುಬಿ ಸಾಲು ಹಾಕುವುದು ಹಳೆಯ ರೂಢಿ. ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಹೂ ಅರಳುವಾಗ ಹಳದಿ, ಬಾಡುತ್ತ ಕಿತ್ತಳೆ, ಆಮೇಲೆ ಕೆಂಪು. ಒಂದೇ ಗಿಡದಲ್ಲಿ ಮೂರೂ ಬಣ್ಣ ಸಿಗುತ್ತವೆ, ಯಾವ ಹೂ ಮೊದಲು ಬಿಟ್ಟಿದ್ದು ಅಂತ ಮಗ ಹೇಳಬಲ್ಲ.

ಜಾಲಿಮುಳ್ಳು ಅಂತ ಬೈದಿದ್ದೀರಿ. ಅದೇ ಜಾಲಿಯಲ್ಲಿ ಕಿರುಬೆರಳುದ್ದದ ಕಡ್ಡಿಗಳ ಕಟ್ಟು ನೇತಾಡುತ್ತಿದ್ದರೆ ಕಸ ಅಂದುಕೊಳ್ಳಬೇಡಿ. ಅದು ಒಂದು ಪತಂಗದ ಮರಿಯ ಮನೆ. ಮುಳ್ಳು, ಕಡ್ಡಿ ಕತ್ತರಿಸಿ ರೇಷ್ಮೆ ಎಳೆಯಿಂದ ಹೊಲಿದು, ಮನೆಯನ್ನು ಹೊತ್ತುಕೊಂಡೇ ಮೇಯುತ್ತದೆ. ಹೆಣ್ಣಿಗೆ ರೆಕ್ಕೆ ಬರುವುದೇ ಇಲ್ಲ, ಅದರ ಬದುಕು ಆ ಚೀಲದಲ್ಲೇ ಮುಗಿಯುತ್ತದೆ. ಬಾವಿ ಮೇಲಿನ ಜಾಲಿಗೆ, ಈಚಲಿಗೆ ಗೀಜಗನ ಗೂಡುಗಳೂ ತೂಗುತ್ತಿರುತ್ತವೆ. ಮಳೆಗಾಲದಲ್ಲಿ ಕಟ್ಟಿದವು, ಈಗ ಖಾಲಿ. ಅರ್ಧಕ್ಕೆ ನಿಂತ ಗೂಡು ಕಂಡರೆ, ಗಂಡು ಕಟ್ಟಿ ತೋರಿಸಿದ್ದು ಹೆಣ್ಣಿಗೆ ಒಪ್ಪಿಗೆಯಾಗದೆ ಬಿಟ್ಟದ್ದಿರಬಹುದು. ಕೆಲವು ಗೂಡಿಗೆ ಚಿಕ್ಕ ರಾಟವಾಳ ಹಕ್ಕಿಗಳು ಬಾಡಿಗೆ ಇಲ್ಲದೆ ಬಂದು ಸೇರಿಕೊಂಡಿರುತ್ತವೆ.

ಎರೆಮಣ್ಣಿನ ಬಿರುಕುಗಳನ್ನೂ ತೋರಿಸಿ. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮಾಗಿ ಕಳೆದ ಹಾಗೆಲ್ಲ ಬಿರುಕು ಅಗಲವಾಗುತ್ತ ಹೋಗುತ್ತದೆ. ಬೇಸಿಗೆಗೆ ಒಂದು ಮೀಟರ್ ಆಳಕ್ಕೂ ಇಳಿಯುವುದುಂಟು. ರೈತರು ಎಡೆ ಹೊಡೆದು ಬಿರುಕು ಮುಚ್ಚುವುದು ಒಳಗಿನ ಹಸಿ ಆರದಿರಲಿ ಅಂತ. ಹಿಂಗಾರಿ ಜೋಳ ಆ ಹಸಿಯ ಮೇಲೇ ಕಾಳು ಕಟ್ಟಬೇಕು, ಮಳೆಯನ್ನು ನಂಬುವಂತಿಲ್ಲ.

ಹೊಲಕ್ಕೆ ಹೋಗಲಾಗದ ದಿನ ಊರೊಳಗಿನ ಕೋಟೆಗೋಡೆಯೇ ಸಾಕು. ಬಿಸಿಲು ಕಡಿಮೆ ಬೀಳುವ ಬದಿಯಲ್ಲಿ ಕಲ್ಲಿನ ಮೇಲೆ ಬೂದು, ಹಳದಿ, ತಿಳಿಹಸಿರು ವೃತ್ತಗಳು ಕಾಣುತ್ತವೆ. ಬಣ್ಣ ಚೆಲ್ಲಿದ್ದಲ್ಲ, ಅವು ಕಲ್ಲುಹೂ. ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಬಾಳುವ ಜೀವ. ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆದರೆ ಹೆಚ್ಚು. ಅಂಗೈಯಗಲದ ವೃತ್ತ ನಿಮ್ಮ ಅಜ್ಜಿಗಿಂತ ಹಳೆಯದಿರಬಹುದು. ಇಬ್ಬನಿ ಹೀರಿದ ಬೆಳಿಗ್ಗೆ ಅದರ ಬಣ್ಣ ಗಾಢ, ಮಧ್ಯಾಹ್ನ ಪೇಲವ. ಗೋಡೆಗೆ ಮೊಳೆಯಿಂದ ಹೆಸರು ಕೆತ್ತುವ ಮಹಾನುಭಾವರು ಕಲ್ಲಿನ ಜೊತೆ ಇದನ್ನೂ ಕೆರೆದು ಹಾಕುತ್ತಾರೆ, ಅದು ಮತ್ತೆ ಬರುವ ಹೊತ್ತಿಗೆ ಅವರಿಗೂ ವಯಸ್ಸಾಗಿರುತ್ತದೆ. ಆ ಕಪ್ಪುಕಲ್ಲಿನಲ್ಲಿ ಸಣ್ಣ ತೂತುಗಳಿದ್ದರೆ ಬೆರಳಿಟ್ಟು ನೋಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ತಣ್ಣಗಾಗುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಗುರುತು ಅವು. ಕೆಲವದರೊಳಗೆ ಬಿಳಿ ಹರಳು ಇರುತ್ತದೆ.

ಹಕ್ಕಿಗಳ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಭೂತನಾಳ ಕೆರೆಯ ದಂಡೆಯಲ್ಲಿ ಬಾಲ ಕುಣಿಸುತ್ತ ಓಡುವ ಸಿಪಿಲೆಗಳನ್ನು ನೋಡಿ, ಅವುಗಳಲ್ಲಿ ಕೆಲವು ಹಿಮಾಲಯದ ಆಚೆಯಿಂದ ಬಂದವು. ತೆನೆ ಕಟ್ಟಿದ ಜೋಳದ ಮೇಲೆ ಗುಲಾಬಿ ಮೈನಾಗಳ ಹಿಂಡು ಇಳಿಯುತ್ತದೆ, ನೋಡಲು ಚೆಂದ, ಕವಣೆ ಹಿಡಿದು ಅಟ್ಟದ ಮೇಲೆ ನಿಂತ ರೈತನಿಗೆ ಅಲ್ಲ. ರಜೆ ಸಿಕ್ಕರೆ ಆಲಮಟ್ಟಿ ಹಿನ್ನೀರಿಗೆ ಹೋಗಿ, ರಾಜಹಂಸಗಳು ಸಿಗಬಹುದು. ಗೋಕಾಕ ತಾಲೂಕಿನ ಘಟಪ್ರಭಾ ಪಕ್ಷಿಧಾಮಕ್ಕೆ ಕರ್ಕರ ಕೊಕ್ಕರೆಗಳು ಬರುತ್ತವೆ. ಅದು ದಿನವಿಡೀ ಪ್ರಯಾಣ, ಮಗ ಕಾರಿನಲ್ಲೇ ನಿದ್ದೆ ಹೋಗುತ್ತಾನೆ.

ನೆಗಡಿಯ ಚಿಂತೆಗೆ ಬರೋಣ. ಕಿವಿ ಮುಚ್ಚುವ ಟೋಪಿ, ಕಾಲಿಗೆ ಬೂಟು ಇರಲಿ. ಇಬ್ಬನಿಯಲ್ಲಿ ಪ್ಯಾಂಟು ಮೊಣಕಾಲ ತನಕ ತೊಯ್ಯುತ್ತದೆ, ಮನೆಗೆ ಬಂದ ಕೂಡಲೇ ಬದಲಿಸಿ. ಮೈ ಸರಿ ಇಲ್ಲದ ದಿನ ಬಿಟ್ಟುಬಿಡಿ. ಡಾಕ್ಟರು ಬೆಳಗಿನ ಚಳಿ ಬೇಡ ಅಂದಿದ್ದರೆ ಅವರ ಮಾತೇ ಕೊನೆ. ನಾನು ಹೆಚ್ಚು ಹೆದರುವುದು ಹಾವಿಗೆ. ಮಾಗಿಯಲ್ಲಿ ಅವು ಎಳೆಬಿಸಿಲಿಗೆ ಬದುವಿನ ಮೇಲೆ ಬಂದು ಮಲಗುತ್ತವೆ. ಅದರಲ್ಲೂ ಕೊಳಕುಮಂಡಲ ಸದ್ದು ಕೇಳಿದರೂ ಜಾಗ ಬಿಟ್ಟು ಏಳುವುದಿಲ್ಲ. ನೀವು ಮುಂದೆ, ಮಗ ಹಿಂದೆ. ಕೂರುವ ಮೊದಲು ಕೋಲಿನಿಂದ ಹುಲ್ಲು ಸರಿಸಿ. ಬಿರುಕಿಗೆ, ಕಣಕಿ ಬಣವೆಗೆ ಕೈ ಹಾಕುವಂತಿಲ್ಲ.

ಹೊಲದವರನ್ನು ಕೇಳಿಯೇ ಒಳಗೆ ಕಾಲಿಡಿ. ಎಳ್ಳಮಾವಾಸ್ಯೆ ಹತ್ತಿರ ಇದ್ದರೆ ಅವರೇ ಕರೆಯುತ್ತಾರೆ. ಅವತ್ತು ಇಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಯ ನಡುವೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿ, ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಿಚ್ಚಿ ಕೂರುತ್ತಾರೆ. ಕರೆದರೆ ಸಂಕೋಚ ಮಾಡಬೇಡಿ, ಬೆಳಿಗ್ಗೆ ಬೇಗ ಬರುತ್ತೇವೆ ಅಂತ ಮಾತ್ರ ಮೊದಲೇ ಹೇಳಿಡಿ. ಮುಂದೆ ಜೋಳದ ಹಾಲುಗಾಳು, ಕಡಲೆಯ ಹಸಿಕಾಯಿ ಬಲಿತಾಗ ಸೀತನಿ, ಸುಲಗಾಯಿ ಸುಡುವ ದಿನವೂ ಬರುತ್ತದೆ. ಅವತ್ತು ಮಗನನ್ನು ನೀವು ಎಬ್ಬಿಸಬೇಕಾಗಿಲ್ಲ.